ಅರಾಫ್ ಎಷ್ಟು ದೂರ?

ವೇಲ್ಸಿನ ಗುಡ್ಡಗಳ ನಡುವೆ ಗಂಡ ಹೆಂಡತಿ ಸೈಕಲ್ ತುಳಿಯಲು ಶುರುಮಾಡಿ ಅದು ಐದನೆಯ ದಿನ. ಎಂದಿನಂತೆ ಅವನು ಮುಂದೆ, ಅವಳು ಹಿಂದೆ. ತಿರುವು ಬಂದಲ್ಲೆಲ್ಲ ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ ‘ಅರಾಫ್’ ಎಂದೂ ಅದರ ಕೆಳಗೆ ಇಂಗ್ಲಿಷಿನಲ್ಲಿ ‘ಸ್ಲೋ’ ಎಂದೂ ಬರೆದಿತ್ತು.

“ಅರಾಫ್ ಅನ್ನೋ ಊರು ಬರ್ತಿದೆ, ನಿಧಾನವಾಗಿ ಹೋಗಿ ಅಂತ. ನಮ್ಮಲ್ಲೂ ಹಾಕಿರ್ತಾರಲ್ಲ, ಹಾಗೆ,” ಎಂದು ಅವನು ಮೊದಲ ದಿನವೇ ತೀರ್ಮಾನ ಕೊಟ್ಟಿದ್ದ.

ಈ ದಿನ ಬೆಳಿಗ್ಗೆ ಹೊರಡುವಾಗ ಅವಳು ಹೇಳಿದ್ದಳು: “ಮೂವತ್ತು ವರ್ಷ ನಿಮ್ಮ ಬೆನ್ನು ನೋಡ್ಕೊಂಡು ಬಂದಿದ್ದು ಸಾಕು ಕಣ್ರೀ. ಅರಾಫ್ ತನಕ ಬರ್ತೀನಿ. ಅಲ್ಲಿಂದಾಚೆ ನಿಮ್ಮ ದಾರಿ ನಿಮ್ಮದು, ನನ್ನ ದಾರಿ ನನ್ನದು.”

ಆಮೇಲೆ ಆ ಹೆಸರು ಕಂಡಾಗಲೆಲ್ಲ ಅವನು, ಅವಳು ಹಿಂದೆ ಬರುತ್ತಿದ್ದಾಳೆಯೇ ಎಂದು ತಿರುಗಿ ನೋಡುತ್ತಿದ್ದ.

ಸಂಜೆಯ ಹೊತ್ತಿಗೆ ಒಂದು ಏರಿನಲ್ಲಿ ಕಾಲು ಸೋತು ಇಬ್ಬರೂ ಇಳಿದರು. ಅವಳು ಕಲ್ಲಿನ ಗೋಡೆಗೆ ಒರಗಿ ಕೂತಳು. ಅವನು, ಕುರಿಗಳನ್ನು ಗೇಟಿನೊಳಕ್ಕೆ ಅಟ್ಟುತ್ತಿದ್ದ ಮುದುಕನ ಬಳಿ ಹೋಗಿ, ಅರಾಫ್ ಎಷ್ಟು ದೂರವೆಂದು ಕೇಳಿದ.

ಮುದುಕ ನಕ್ಕುಬಿಟ್ಟ. “ಅದು ಊರಲ್ಲ. ನಮ್ಮ ವೆಲ್ಷ್ ಭಾಷೆಯಲ್ಲಿ ‘ನಿಧಾನ’ ಅಂತ ಅರ್ಥ, ಅಷ್ಟೆ.”

ಅವನು ಹೆಂಡತಿಯ ಹತ್ತಿರ ವಾಪಸು ಬಂದ.

“ಎಷ್ಟು ದೂರವಂತೆ?”

“ಇನ್ನೂ ಬಹಳ ದೂರ ಇದೆಯಂತೆ. ನೀನು ಮುಂದೆ ಹೋಗ್ತಿರು, ನಾನು ಹಿಂದೆ ಬರ್ತೀನಿ.”

ಅವಳು ಮಂಡಿ ಹಿಡಿದುಕೊಂಡು ಎದ್ದಳು, ಹೆಲ್ಮೆಟ್ಟಿನ ಪಟ್ಟಿ ಬಿಗಿದಳು.

“ಗೊತ್ತು ಬಿಡಿ. ಅದರ ಅರ್ಥ ನಿನ್ನೆನೇ ಟೀ ಅಂಗಡಿಯಾಕೆ ನನಗೆ ಹೇಳಿದ್ಲು.”