ಪ್ರದಕ್ಷಿಣೆಯ ಇಂಜಿನ್

೧೯೫೦ನೇ ಇಸವಿ ಮಾರ್ಚ್ ೬, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಹತ್ತಿ ವ್ಯಾಪಾರಿ ಮರಿಬಸಪ್ಪನವರ ಹಳೆಯ ಕಾರಿಗೆ ಕೂರಿಸಿದ ಬೇರೆ ಇಂಜಿನ್ನಿನ ಪೂಜೆ ಮುಗಿಯಿತು. ಮೇಸ್ತ್ರಿ ಜೋಗಪ್ಪ ಮೊದಲನೆಯ ಗೇರು ಹಾಕಿ ಕ್ಲಚ್ಚು ಬಿಟ್ಟ. ಕಾರು ಗಂಭೀರವಾಗಿ ಹಿಂದಕ್ಕೆ ಹೋಯಿತು.

"ಲೇ ಜೋಗ, ಮುಂದಕ ಬಿಡಲೇ!" ಹಿಂದಿನ ಸೀಟಿನಿಂದ ಮರಿಬಸಪ್ಪ ಕೂಗಿದರು.

"ಮುಂದಿನ ಗೇರ ಹಾಕೀನ್ರಿ ಸಾವ್ಕಾರ್ರ!"

ಎರಡನೆಯ ಗೇರಿಗೆ ಕಾರು ಇನ್ನೂ ಜೋರಾಗಿ ಹಿಂದೆ ಸರಿಯಿತು. ಮೂರನೆಯದಕ್ಕೆ ಓಣಿಯ ತುದಿ ಮುಟ್ಟಿತು. ಕೊನೆಗೆ ರಿವರ್ಸ್ ಗೇರು ಹಾಕಿದಾಗ ತೆವಳುತ್ತಾ ಮುಂದಕ್ಕೆ ಬಂದು ಮನೆಯ ಬಾಗಿಲಲ್ಲಿ ನಿಂತಿತು.

ತಪ್ಪು ಇಂಜಿನ್ನಿನದಲ್ಲ. ಹಿಂದಿನ ತಿಂಗಳು ಬ್ರೂಸ್‌ಪೇಟೆಯ ಜೋಗಪ್ಪನ ಶೆಡ್ಡಿನಲ್ಲಿ ಮರಿಬಸಪ್ಪ ಒಂದು ಲಾರಿ ಇಂಜಿನ್ ಓಡಿಸಿ ನೋಡಿದ್ದರು, ಡ್ರೈವರ್ ಕೂರುವ ಕಡೆ ನಿಂತುಕೊಂಡು.

"ಇದು ಎಡಕ್ಕ ತಿರುಗತೈತಲ್ಲೋ. ಅಪ್ರದಕ್ಷಿಣಿ!"

"ಎಲ್ಲಾ ಕಾರಿನ ಇಂಜಿನ್ನೂ ಹಂಗ ತಿರುಗತಾವ್ರಿ."

"ಅದಕ್ಕ ಎಲ್ಲಾರ ಕಾರೂ ದಾರ್ಯಾಗ ಕೆಟ್ಟು ನಿಲ್ಲತಾವ. ಗುಡೀನ ಹಂಗ ಸುತ್ತತೀಯೇನಲೇ? ಬಲಕ್ಕ ತಿರುಗೋದು ತೋರ್ಸು."

ಎದುರಿಗೆ ನಿಂತು ನೋಡಿದ್ದರೆ ಅದೇ ಇಂಜಿನ್ ಬಲಕ್ಕೆ ತಿರುಗುವುದು ಕಾಣುತ್ತಿತ್ತು. ಜೋಗಪ್ಪ ಅದನ್ನು ಹೇಳಲಿಲ್ಲ. ಅವನ ಮುಖ ಅರಳಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ತಂದ ದೋಣಿಯ ಇಂಜಿನ್ನೊಂದು ಮೂಲೆಯಲ್ಲಿ ಬಿದ್ದಿತ್ತು. ಜೋಡಿ ಇಂಜಿನ್ನಿನ ದೋಣಿಗಳಲ್ಲಿ ಒಂದು ಒಂದು ಕಡೆಗೆ ತಿರುಗಿದರೆ ಇನ್ನೊಂದು ಅದರ ವಿರುದ್ಧ ತಿರುಗುತ್ತದೆ. ಇದು ಬಲಕ್ಕೆ ತಿರುಗುವಂಥದು. ಸಮುದ್ರವಿಲ್ಲದ ಬಳ್ಳಾರಿಯಲ್ಲಿ ಅದನ್ನು ಕೇಳುವವರೇ ಇರಲಿಲ್ಲ; ಜೋಗಪ್ಪ ಅದನ್ನೇ ಕಾರಿಗೆ ಕೂರಿಸಿದ. ಅದು ಗಾಲಿಯನ್ನು ಯಾವ ಕಡೆಗೆ ಉರುಳಿಸೀತೆಂದು ಕೊಂಡವರೂ ಯೋಚಿಸಲಿಲ್ಲ, ಮಾರಿದವನೂ ಯೋಚಿಸಲಿಲ್ಲ. ಒಮ್ಮೆ ಓಡಿಸಿದ್ದರೆ ತಿಳಿಯುತ್ತಿತ್ತು. ಆದರೆ ಪೂಜೆಗೆ ಮೊದಲು ಗಾಲಿ ಉರುಳಕೂಡದೆಂದು ಮರಿಬಸಪ್ಪನವರ ಕಟ್ಟಪ್ಪಣೆ.

ಈಗ ಚರ್ಚೆಗೆ ಹೊತ್ತಿರಲಿಲ್ಲ. ಕುರುಗೋಡಿನ ಹಾಲಸಿದ್ದಪ್ಪನವರ ಮಗನಿಗೆ ಮಗಳನ್ನು ಕೊಡುವ ವೀಳ್ಯದ ಶಾಸ್ತ್ರ ಹತ್ತೂವರೆಯೊಳಗೆ ಆಗಬೇಕು. ಮುಹೂರ್ತ ತಪ್ಪಿದರೆ ಆ ಹುಡುಗನಿಗಾಗಿ ಸಿರುಗುಪ್ಪದ ಇನ್ನೊಂದು ಮನೆತನ ಕಾದು ಕುಳಿತಿತ್ತು. ದಾರಿ ಹದಿನೇಳು ಮೈಲಿ. ಈ ಕಾರು ಮುಂದಕ್ಕೆ ಹೋದರೆ ಗಂಟೆಗೆ ನಾಲ್ಕು ಮೈಲಿ, ಹಿಂದಕ್ಕೆ ಹೋದರೆ ಹದಿನೆಂಟು.

"ಸಿರುಗುಪ್ಪಿ ಬಸ್ಸು ಐತಲ್ರಿ, ಕುರುಗೋಡಿನ ಮ್ಯಾಲ ಹೋಗತೈತಿ," ಎಂದರು ವೀಳ್ಯದ ತಟ್ಟೆ ಹಿಡಿದಿದ್ದ ಹೆಂಡತಿ ಅಕ್ಕನಾಗಮ್ಮ.

"ಕಾರು ಇಟ್ಟೋರು ಬೀಗರ ಮುಂದ ಬಸ್ಸಿಳೀಬೇಕೇನು?" ಮರಿಬಸಪ್ಪ ಕಾರಿನ ಮೂತಿಗೆ ಹಾಕಿದ್ದ ಹೂವಿನ ಹಾರವನ್ನು ಬಿಚ್ಚಿಸಿ ಹಿಂಭಾಗಕ್ಕೆ ಕಟ್ಟಿಸಿದರು. "ಹಾರ ಎಲ್ಲಿ ಐತೋ ಅದ ಮುಂದು. ನಡೀಲೇ ಜೋಗ."

ಜೋಗಪ್ಪ ಕುತ್ತಿಗೆ ಹೊರಚಾಚಿ, ಹಿಂದೆ ನೋಡುತ್ತಾ ಓಡಿಸಿದ. ಹತ್ತೂ ಕಾಲು ದಾಟುತ್ತಿದ್ದಂತೆ ಕಾರು ಕುರುಗೋಡು ಮುಟ್ಟಿತು. ಹಾಲಸಿದ್ದಪ್ಪ ಬಂಧುಬಳಗದೊಡನೆ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಮೊದಲು ಕಂಡದ್ದು ಬೀಗರ ಎರಡು ಬೆನ್ನುಗಳು.

"ನಮ್ಮ ಬಾಗಿಲಿಗೆ ಬೆನ್ನು ಮಾಡಿ ಬಂದೀರಿ," ಎಂದರು ಹಾಲಸಿದ್ದಪ್ಪ. "ಇಂಥಾ ಮನಿ ಹುಡುಗಿ ನಮಗ ಬ್ಯಾಡ. ಹೋಗಿ ಬರ್ರಿ."

"ಬೀಗರ, ಇದು ಪ್ರದಕ್ಷಿಣಿ ಇಂಜಿನ್ರಿ..."

"ಹೋಗಿ ಬರ್ರಿ ಅಂದೆ."

ಜೋಗಪ್ಪ ಮನೆಯೆದುರಿನ ಬಯಲಿನಲ್ಲಿ ಕಾರನ್ನು ತಿರುಗಿಸಿದ. ಬೇಗ ಊರು ಸೇರಬೇಕಾದರೆ ಹಾರವಿದ್ದ ಕಡೆ ಬಳ್ಳಾರಿಯತ್ತ ಇರಬೇಕು, ಮೂತಿ ಹಾಲಸಿದ್ದಪ್ಪನವರತ್ತ. ಹಾಗೆಯೇ ಹೊರಟರು. ಕುಲುಕಾಟ ತಾಳಲಾರದೆ ಮರಿಬಸಪ್ಪ ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ದೂರಕ್ಕೆ ಅದು ಕೈಮುಗಿದಂತೆ ಕಂಡಿತು.

ಹಾಲಸಿದ್ದಪ್ಪನವರ ಕಣ್ಣು ತೇವವಾಯಿತು. "ಬೈದು ಕಳಿಸಿದ್ರೂ ನಮಗ ಬೆನ್ನು ತೋರ್ಸಲಾರದ ಹೊಂಟಾರ ನೋಡ್ರೋ! ಗರ್ಭಗುಡಿಯಿಂದ ಹೊರಗ ಬರೋರು ಹಿಂಗ ಹಿಂದ ಹಿಂದ ಸರೀತಾರ. ಎಂಥಾ ಸಂಸ್ಕಾರ! ಕರೀರಿ ಅವರ್ನ, ಇನ್ನೂ ಹೊತ್ತೈತಿ!"

ನಾಲ್ಕೈದು ಮಂದಿ ರುಮಾಲು ಬೀಸುತ್ತಾ ಓಡಿದರು. ಎರಡು ಫರ್ಲಾಂಗು ದೂರದಲ್ಲಿ ಕಾರು ನಿಂತು, ಮತ್ತೆ ಬೆನ್ನು ಮಾಡಿ ಹೋಗುವಂತಿರಲಿಲ್ಲವಾದ್ದರಿಂದ ರಿವರ್ಸ್ ಗೇರಿನಲ್ಲಿ ಮುಂದಕ್ಕೆ ಹೊರಟಿತು. ನೀರು ಕುದಿದು ಮೂತಿಯಿಂದ ಹೊಗೆಯಂತೆ ಹಬೆ ಏಳುತ್ತಿತ್ತು. ಪಕ್ಕದಲ್ಲಿ ಹೋಗುತ್ತಿದ್ದ ಎಮ್ಮೆಯೊಂದು ಕಾರನ್ನು ದಾಟಿತು. ಮುಹೂರ್ತಕ್ಕೆ ಐದು ನಿಮಿಷವೂ ಉಳಿದಿರಲಿಲ್ಲ. ಅಕ್ಕನಾಗಮ್ಮ ತಟ್ಟೆಯನ್ನು ಸೊಂಟಕ್ಕೆ ಆನಿಸಿ ಬಾಗಿಲು ತೆರೆದರು.

"ಏಯ್, ಇಳೀಬ್ಯಾಡ! ಎಲ್ಲಾರೂ ನೋಡಾಕತ್ತಾರ. ನಮ್ಮ ಮರ್ಯಾದಿ ಏನಾದೀತು?"

"ಮರ್ಯಾದಿ ಕಾರಿನ್ಯಾಗ ಬರ್ಲಿ ಬಿಡ್ರಿ. ಮಗಳ ಮದುವಿ ನಾ ನಡಕೊಂಡು ಹೋಗಿ ಮಾಡ್ತೀನಿ."

ಅವರು ಸೆರಗು ಸಿಕ್ಕಿಸಿಕೊಂಡು, ರಸ್ತೆಯ ನಡುವೆ ಬಿರುಸಾಗಿ ನಡೆದರು. ಹಿಂದೆ ಹಾರ್ನ್ ಬಾರಿಸುತ್ತಾ ಕಾರು ಬಂತು. ಅಕ್ಕನಾಗಮ್ಮ ಹಾಲಸಿದ್ದಪ್ಪನವರ ಹೊಸ್ತಿಲು ದಾಟಿ ವೀಳ್ಯದ ತಟ್ಟೆಯನ್ನು ಕೈಗಿತ್ತಾಗ, ಮರಿಬಸಪ್ಪನವರ ಕಾರು ಇನ್ನೂ ತೊಂಬತ್ತು ಗಜ ದೂರದಲ್ಲಿತ್ತು.