ಪರದೆಯ ಹಿಂದೆ ಇಬ್ಬರು ಮೇಷ್ಟ್ರು

ಮಾತು ಬೆಳ್ಳಿ, ಮೌನ ಬಂಗಾರ, ಮಿಮಿಕ್ರಿ ರೋಲ್ಡ್ ಗೋಲ್ಡ್. ಗಾದೆ ಸುಳ್ಳಾದರೂ ಮುಂದಿನ ಕಥೆ ಸುಳ್ಳಲ್ಲ. ನಂಬದವರು ಅವತ್ತು ಕಾಲೇಜಿನ ಸೆಮಿನಾರ್ ಹಾಲಿನಲ್ಲಿದ್ದ ಯಾರನ್ನಾದರೂ ಕೇಳಿ ನೋಡಬಹುದು.

ಸಿನಿಮಾ, ಕಾದಂಬರಿಗಳಲ್ಲಿ ಬರುವ ಯೋಚಿಸುವ ಯಂತ್ರಗಳ ಬಗ್ಗೆ ಪಾಠ ಮಾಡುವ ಮೇಷ್ಟ್ರು ಸೆಮಿನಾರ್ ಹಾಲಿನ ಪರದೆಯ ಹಿಂದೆ ಮೈಕ್ ಹಿಡಿದು ಕೂತಿದ್ದರು. ಯಂತ್ರ ಎಷ್ಟೇ ಅತ್ತು ಕರೆದರೂ ಮನುಷ್ಯನಾಗದು, ಮನುಷ್ಯನ ನಕಲು ಅವನ ಮನೆಯವರ ಮುಂದೆ ಒಂದು ನಿಮಿಷವೂ ನಿಲ್ಲದು ಎಂಬುದು ಅವರು ವರ್ಷಗಳಿಂದ ಮೇಜು ಕುಟ್ಟಿ ಹೇಳಿಕೊಂಡು ಬಂದ ಮಾತು. ಹುಡುಗರು ಅದನ್ನೇ ಹಿಡಿದುಕೊಂಡರು. ನಿಮ್ಮ ಪಾಠದ ರೆಕಾರ್ಡಿಂಗುಗಳನ್ನೆಲ್ಲ ತಿನ್ನಿಸಿ ಒಂದು ಯಂತ್ರ ಸಾಕಿದ್ದೇವೆ, ಪಕ್ಕದ ಕೋಣೆಯಲ್ಲಿದೆ, ಪಂದ್ಯಕ್ಕೆ ಬನ್ನಿ ಎಂದರು. ಮೇಷ್ಟ್ರು ಗೆದ್ದರೆ ಹುಡುಗರು ಬರೆಯಬೇಕಾದ ಪ್ರಬಂಧದ ಪುಟಗಳು ದುಪ್ಪಟ್ಟು. ಸೋತರೆ ಪ್ರಬಂಧವೇ ಮಾಫಿ, ಜೊತೆಗೆ ಎಲ್ಲರೆದುರು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಎರಡು ದನಿಗಳಲ್ಲಿ ಅಸಲಿ ಮೇಷ್ಟ್ರದು ಯಾವುದೆಂದು ತೀರ್ಪು ಕೊಡಲು ಅವರು ಖುದ್ದಾಗಿ ಆರಿಸಿದ್ದು ಅದೇ ಕಾಲೇಜಿನ ಲೆಕ್ಕದ ಮೇಡಂ ಅವರನ್ನು, ಅರ್ಥಾತ್ ತಮ್ಮ ಧರ್ಮಪತ್ನಿಯನ್ನು. ನನ್ನ ಕೆಮ್ಮು ಕೇಳಿಯೇ ಮನಸ್ಸಿನಲ್ಲಿರೋದನ್ನ ಹೇಳುವವಳು ಎಂದು ಮೀಸೆ ತಿರುವಿದ್ದರು.

ಮೊದಮೊದಲ ಪ್ರಶ್ನೆಗಳು ಸಲೀಸು. ಸಿನಿಮಾದ ಯಂತ್ರ ಸತ್ತರೆ ನಮಗೇಕೆ ಅಳು ಬರುತ್ತದೆ ಎಂದು ಮೇಡಂ ಕೇಳಿದ್ದಕ್ಕೆ, ಒಂದನೇ ದನಿ ಗಂಟಲು ಸರಿಪಡಿಸಿಕೊಂಡು 'ಹಾಗೆ ನೋಡಿದರೆ' ಎಂದು ಶುರುಮಾಡಿ, ಊರೆಲ್ಲ ಸುತ್ತಿ, ಎಲ್ಲಿಗೂ ಮುಟ್ಟದೆ ನಿಂತಿತು. ಮೇಷ್ಟ್ರಿಗೆ ಮೈ ಜುಮ್ಮೆಂದಿತು. ಅದು ಅವರದೇ ಗಂಟಲು, ಅವರದೇ 'ಹಾಗೆ ನೋಡಿದರೆ'. ಇನ್ನು ಹುಷಾರಾಗಿರಬೇಕೆಂದು ನೆಟ್ಟಗೆ ಕೂತು, ಎರಡನೇ ದನಿಯಾದ ತಾವು ಒಂದೊಂದೇ ಪದ ತೂಗಿ ಉತ್ತರಿಸಿದರು.

ಕೊನೆಗೆ ಮೇಡಂ ಬ್ರಹ್ಮಾಸ್ತ್ರ ತೆಗೆದರು. "ಬೆಳಗ್ಗೆ ಮನೆ ಬಿಡೋವಾಗ ನಾನು ನಿಮಗೆ ಏನು ಹೇಳಿದೆ?"

ಗೆದ್ದೆ ಎಂದುಕೊಂಡರು ಮೇಷ್ಟ್ರು. ಮನೆಯ ಮಾತು ಯಾವ ರೆಕಾರ್ಡಿಂಗಿನಲ್ಲೂ ಇಲ್ಲವಲ್ಲ.

"ಹ್ಞಾಂ?" ಎಂದಿತು ಒಂದನೇ ದನಿ. "ಹೂಂ, ಹೂಂ. ಆಯ್ತು ಬಿಡು, ನೋಡೋಣ. ಅದಿರ್ಲಿ, ನನ್ನ ಕನ್ನಡಕ ಎಲ್ಲಿಟ್ಟಿದ್ದೀಯ?"

ಮೇಷ್ಟ್ರು ಮೈಕನ್ನು ಬಾಯಿಗೆ ಒತ್ತಿಕೊಂಡರು. "ಸಿಂಕಿನ ಕೆಳಗೆ ನೀರು ತೊಟ್ಟಿಕ್ತಿದೆ, ಪ್ಲಂಬರ್‌ಗೆ ಫೋನ್ ಮಾಡಿ ಅಂತ ನೀನು ಹೇಳಿದೆ. ಬರೀ ವಾಷರ್ ಹಾಕಿಸಿದ್ರೆ ಸಾಲದು, ಪೈಪೇ ಬದಲಾಯಿಸ್ಬೇಕು ಅಂದೆ. ಅಕ್ಕನ ಮೊಣಕಾಲು ನೋವು ಹೇಗಿದೆ ಕೇಳಿ ಅಂತಲೂ ಅಂದೆ."

ಮೇಡಂ ಕ್ಷಣವೂ ಯೋಚಿಸಲಿಲ್ಲ. "ಒಂದನೇದು ನಮ್ಮ ಯಜಮಾನ್ರು. ಎರಡನೇದು ಯಂತ್ರ. ನಾನು ಹೇಳಿದ್ದನ್ನ ಅಕ್ಷರ ಬಿಡದೆ ಒಪ್ಪಿಸೋ ಗಂಡ ನಮ್ಮನೇಲಿಲ್ಲ."

ಶಿಳ್ಳೆಗಳ ನಡುವೆ ಪರದೆ ಸರಿಯಿತು. ಎಡಗಡೆ ಬೆವರು ಒರೆಸಿಕೊಳ್ಳುತ್ತಿದ್ದ ಮೇಷ್ಟ್ರು. ಬಲಗಡೆಯ ಕೋಣೆಯಿಂದ ಮೈಕ್ ಹಿಡಿದು ಹೊರಬಂದವನು ಕೊನೆ ಬೆಂಚಿನ ಮಿಮಿಕ್ರಿಪಟು, ಅಡ್ಡಹೆಸರು ಗಿಳಿರಾಯ. ಯಂತ್ರ ಗಿಂತ್ರ ಏನೂ ಇರಲೇ ಇಲ್ಲ ಸರ್ ಎಂದು ತಲೆ ಕೆರೆದುಕೊಂಡ. ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲದಾಗ ಕ್ಲಾಸಿನಲ್ಲಿ ನೀವು ಏನು ಮಾಡುತ್ತೀರೋ ಅದನ್ನೇ ಮಾಡಿದೆ ಎಂದ. ಮೇಷ್ಟ್ರು ಒಂದು ಗಳಿಗೆ ಕಣ್ಣು ಕಣ್ಣು ಬಿಟ್ಟರು. ಹಾಲಿಗೆ ಹಾಲೇ ಬಿದ್ದು ಬಿದ್ದು ನಗುತ್ತಿತ್ತು.

ಮೇಡಂ ಮಾತ್ರ ನಗಲಿಲ್ಲ. ಮೆಲ್ಲಗೆ ವೇದಿಕೆ ಹತ್ತಿ ಗಂಡನ ಎದುರು ಬಂದು ನಿಂತರು.

"ಅಲ್ಲಾ ರೀ, ಅಂದ್ರೆ ಇಷ್ಟು ವರ್ಷ ನಾನು ಹೇಳಿದ್ದೆಲ್ಲ ನಿಮಗೆ ಕೇಳಿಸ್ತಿತ್ತು?"

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು, ಅಲ್ಲಿದ್ದ ಎಲ್ಲರಿಗಿಂತ ಜೋರಾಗಿ ನಗತೊಡಗಿದರು.