ಗುರುಮಠಕಲ್ಲಿನ ಕಡಲು

“ಮಂಟಯ್ಯನೋರೆ, ಇಲ್ಲೊಂದು ಸಮುದ್ರ ಸಿಕ್ಕಿದೆ, ನೋಡ್ಬನ್ನಿ!” ಎಂದು ಸಂಶೋಧನೆ ಮಾಡುತ್ತಿದ್ದ ನಯನಾ ಕಂಪ್ಯೂಟರನ್ನು ಅವರತ್ತ ತಿರುಗಿಸಿದಳು.

ಕಾಲೇಜಿನ ಭೂವಿಜ್ಞಾನ ಮ್ಯೂಸಿಯಂನಲ್ಲಿ ಮೂವತ್ತೆರಡು ವರ್ಷ ಅಟೆಂಡರಾಗಿದ್ದು ನಿವೃತ್ತರಾದ ಮಂಟಯ್ಯ, ಅವಳ ಫೋನ್ ಬಂದದ್ದೇ ತಡ, ಇಸ್ತ್ರಿ ಅಂಗಿ ತೊಟ್ಟು ವಿದ್ಯಾರಣ್ಯಪುರಂನಿಂದ ಬಸ್ಸು ಹತ್ತಿ ಬಂದಿದ್ದರು. ಪರದೆಯ ಮೇಲೆ ದಕ್ಷಿಣ ಭಾರತದ ನಕ್ಷೆ. ಯಾದಗಿರಿ ಕಡೆಯ ಗುರುಮಠಕಲ್ ಸುತ್ತ ತಿಳಿನೀಲಿ ಹರಡಿತ್ತು. ಎಲ್ಲಿಯ ಗುರುಮಠಕಲ್, ಎಲ್ಲಿಯ ಸಮುದ್ರ!

ನಯನಾ ಒಂದೇ ಉಸಿರಿಗೆ ಹೇಳಿದಳು. ಮ್ಯೂಸಿಯಂನ ಪಳೆಯುಳಿಕೆಗಳ ಪಟ್ಟಿ ಒಂದು ಕಡೆ, ಊರೂರಿನ ಮಣ್ಣಿನ ಪದರಗಳ ಪಟ್ಟಿ ಇನ್ನೊಂದು ಕಡೆ. ಪ್ರತಿ ಪಳೆಯುಳಿಕೆಯ ಜೊತೆಗಿಟ್ಟ ಚೀಟಿಯಲ್ಲಿರುವ ಊರಿನ ಹೆಸರು ಹಿಡಿದು ಎರಡನ್ನೂ ಜೋಡಿಸಿದರೆ, ಯಾವ ಜೀವ ಯಾವ ಕಾಲದಲ್ಲಿ ಎಂಥ ನೆಲದಲ್ಲಿ, ಎಂಥ ನೀರಿನಲ್ಲಿ ಬದುಕಿತ್ತೆಂಬುದು ನಕ್ಷೆಯ ಮೇಲೆ ಮೂಡುತ್ತದೆ. ಗುರುಮಠಕಲ್ಲಿನ ಪದರ ಹಳೆಯ ಕೆರೆಯದೆಂದೇ ಎಲ್ಲರೂ ತಿಳಿದಿದ್ದರು. ಅಲ್ಲಿ ಕಡಲಚಿಪ್ಪು ಸಿಕ್ಕಿದೆಯೆಂದರೆ ಆರೂವರೆ ಕೋಟಿ ವರ್ಷದ ಹಿಂದೆ ಕಡಲೇ ಅಲ್ಲಿಯವರೆಗೆ ಬಂದಿತ್ತು!

“ಚಿಪ್ಪಿನ ತಳದಲ್ಲಿ ಆಗ ಮ್ಯೂಸಿಯಂ ನೋಡ್ಕೊಳ್ತಿದ್ದ ಮೇಷ್ಟ್ರು ನಿಮ್ಮ ಹೆಸರು ಬರೆದಿದ್ದಾರೆ. ಹೆಕ್ಕಿದವರು ನೀವೇ ತಾನೆ? ನನ್ನ ಲೇಖನದಲ್ಲಿ ನಿಮ್ಮ ಹೆಸರೂ ಬರುತ್ತೆ. ಇವತ್ತೇ ಕಳಿಸ್ತಿದೀನಿ” ಎಂದು ಅವಳು ಚಿಪ್ಪನ್ನು ಅವರ ಅಂಗೈಯಲ್ಲಿಟ್ಟಳು.

ಹಾಜರಿ ಪುಸ್ತಕ ಬಿಟ್ಟರೆ ಎಲ್ಲೂ ಬೀಳದ ಹೆಸರು! ಮಂಟಯ್ಯನವರಿಗೆ ಹಿಗ್ಗೋ ಹಿಗ್ಗು. ಆ ನೀಲಿ ಬಣ್ಣ ಪರದೆಯಿಂದಿಳಿದು ಕೆಂಪು ನೆಲದ ಮೇಲೆ ಹರಿದು, ಬೀರುಗಳ ಅಡಿ ನುಸುಳಿ, ಪಾದ ತಣ್ಣಗೆ ಮಾಡಿದಂತಾಯಿತು. ಅಂಗೈಯ ಚಿಪ್ಪು ಮೆಲ್ಲಗೆ ಬಾಯಿ ತೆರೆದು ಉಸಿರಾಡಿತೇನೋ ಅನ್ನಿಸಿತು. ಹಾಗೇ ಸವರುತ್ತಿದ್ದ ಹೆಬ್ಬೆರಳಿಗೆ ಅಂಚಿನ ಮುಕ್ಕು ತಾಗಿತು. ಅವರದೇ ಸುತ್ತಿಗೆ ಏಟು ಅದು. ಏಟು ಹಾಕಿದ ಊರೂ ನೆನಪಾಯಿತು.

ಸುಮ್ಮನಿದ್ದರೆ ಯಾರು ಕೇಳುತ್ತಾರೆ? ಅವರು ಆ ಮುಕ್ಕನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದರು ಕೂಡ.

“ನಯನಮ್ಮ, ಇದು ಗುರುಮಠಕಲ್ದಲ್ಲ ಕಣವ್ವ. ತಮಿಳ್ನಾಡಿನ ಅರಿಯಲೂರಿಂದು. ಟೂರ್ ಹೋಗಿದ್ದಾಗ ನಾನೇ ಒಡೆದು ತೆಗ್ದಿದ್ದು.”

“ಅರಿಯಲೂರಲ್ಲಿ ಇಂಥವು ರಾಶಿ ಬಿದ್ದಿವೆ. ಆದ್ರೆ ಚೀಟಿಯಲ್ಲಿ ಗುರುಮಠಕಲ್ ಅಂತಿದೆಯಲ್ಲ?”

“ಒಂದ್ಸಲ ಆಯುಧ ಪೂಜೆಗೆ ಅಂತ ಡ್ರಾಯರ್ ಎಳ್ದು ಒರೆಸ್ತಿದ್ದೆ. ಬೇಗ ಒಣಗ್ಲಿ ಅಂತ ಫ್ಯಾನ್ ಹಾಕ್ಬುಟ್ಟೆ. ಚೀಟಿ ಎಲ್ಲ ಹಾರೋದ್ವು. ನಂಗೆ ಇಂಗ್ಲಿಷ್ ಓದಕ್ಕೆ ಬರಾಕಿಲ್ಲ. ಮೇಷ್ಟ್ರು ಬೈತಾರೆ ಅಂತ ಕೈಗೆ ಸಿಕ್ಕಿದ್ದನ್ನ ಸಿಕ್ಕಿದ್ಕಡೆ ಇಟ್ಬುಟ್ಟೆ. ಇವತ್ತಿನವರ್ಗೂ ಯಾರ್ಗೂ ಯೋಳಿಲ್ಲ.”

ನಯನಾಳ ಮುಖ ಸಣ್ಣದಾಯಿತು. “ಈಗ್ಯಾಕೆ ಹೇಳಿದ್ರಿ? ನಿಮ್ಮ ಹೆಸರೂ ಹೋಯ್ತಲ್ಲ.”

“ನನ್ನ ಹೆಸರು ನಂಬ್ಕೊಂಡು ನಾಳೆ ಯಾರಾದ್ರೂ ಅಲ್ಲಿ ಹೋಗಿ ಅಗೆದ್ರೆ ಎಂಗವ್ವ?”

ಅವಳು ಪಟ್ಟಿಯಲ್ಲಿ ಊರಿನ ಹೆಸರು ಅಳಿಸಿ ಅರಿಯಲೂರು ಎಂದು ಬರೆದಳು. ಗುರುಮಠಕಲ್ ಸುತ್ತಲಿನ ನೀಲಿ ಅಂಚಿನಿಂದ ಕರಗುತ್ತಾ ಬಂದು ಸದ್ದಿಲ್ಲದೆ ಇಂಗಿಹೋಯಿತು. ಮನೆಯವರಲ್ಲಿ ಯಾರನ್ನೋ ಕಳಕೊಂಡಂತೆ ಮಂಟಯ್ಯನವರಿಗೆ ಸಂಕಟವಾಯಿತು. ನಯನಾ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು. ಒರೆಸಿಕೊಳ್ಳುತ್ತಿದ್ದವಳು ತಟ್ಟನೆ ನಿಂತಳು.

“ಅವತ್ತು ಹಾರಿದ್ದು ಎಷ್ಟು ಚೀಟಿ, ಮಂಟಯ್ಯನೋರೆ?”

ನಕ್ಷೆಯ ಮೇಲೆ ಇನ್ನೂ ಹೊಳೆಯುತ್ತಿದ್ದ ಕೆರೆ, ಕಾಡು, ಕಡಲತೀರಗಳನ್ನು ಮಂಟಯ್ಯ ಒಂದೊಂದಾಗಿ ನೋಡಿದರು.

“ಮೂರು ಡ್ರಾಯರ್ ಪೂರ್ತಿ ಕಣವ್ವ.”